ಕುದುರೆಮುಖದ ಹುಲ್ಲುಗುಡ್ಡಗಳಲ್ಲಿ ನಡೆದು ಕಲಿತದ್ದು

ಕುದುರೆಮುಖದ ಹುಲ್ಲುಗುಡ್ಡಗಳನ್ನು ಮೊದಲ ಸಲ ನೋಡಿದವರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ‘ಇಲ್ಲಿದ್ದ ಕಾಡನ್ನೆಲ್ಲ ಯಾರು ಕಡಿದರು?’ ಯಾರೂ ಕಡಿದಿಲ್ಲ. ಗುಡ್ಡದ ನೆತ್ತಿ ಮತ್ತು ಇಳಿಜಾರಿನ ತುಂಬ ಹುಲ್ಲು, ನೀರು ಇಳಿಯುವ ಕಣಿವೆಯ ಮಡಿಲಲ್ಲಿ ಮಾತ್ರ ಒತ್ತಾಗಿ ನಿಂತ ಶೋಲಾ ಕಾಡು. ಪಶ್ಚಿಮ ಘಟ್ಟದ ಈ ಎತ್ತರದ ರೂಪವೇ ಹಾಗೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗುನೆಲದಲ್ಲಿ ಪದರ ಪದರವಾಗಿ ಕೂತ ಕಪ್ಪು ಮಣ್ಣನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಗಟ್ಟಿ ಆಧಾರ. ಮರಗಳು ಗಾಳಿಯಿಂದ ಇಂಗಾಲ ಹೀರುವ ಬಗೆ ಬೇರೆ, ಈ ಬಿಸಿನಾಡಿನ ಹುಲ್ಲುಗಳು ಹೀರುವ ಬಗೆ ಬೇರೆ. ಕೊಳೆತು ಮಣ್ಣಾದ ಮೇಲೂ ಆ ಗುರುತು ಅಳಿಯುವುದಿಲ್ಲ. ಹಾಗಾಗಿ ಇಪ್ಪತ್ತು ಸಾವಿರ ವರ್ಷಗಳ ಹಿಂದೆಯೂ, ಅಂದರೆ ಕೊಡಲಿ ಹಿಡಿದ ರೈತ ಘಟ್ಟ ಹತ್ತುವ ಎಷ್ಟೋ ಮೊದಲೇ, ಅಲ್ಲಿ ಹುಲ್ಲು ಇತ್ತೆಂದು ಮಣ್ಣೇ ಹೇಳುತ್ತದೆ. ಹವೆ ಒಣಗಿದಾಗ ಹುಲ್ಲು ಹಬ್ಬಿದೆ, ಮಳೆ ಬಲವಾದಾಗ ಕಾಡು ಹಬ್ಬಿದೆ.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಹುಲ್ಲುಗುಡ್ಡವನ್ನು ಖಾಲಿ ಜಾಗ ಅಂದುಕೊಂಡವರಿಗೆ ಅಲ್ಲಿ ಏನು ಮಾಡಿದರೂ ಸರಿ ಎನಿಸುತ್ತದೆ. ಗಣಿ ತೋಡಬಹುದು, ಅಕೇಶಿಯಾ ನೆಡಬಹುದು, ಜೀಪು ಓಡಿಸಬಹುದು. ಘಟ್ಟದಲ್ಲಿ ನಾನು ಕಳೆದ ಕಾಲದ ಬಹುಪಾಲು ಹೋಗಿರುವುದು ಈ ಖಾಲಿ ಜಾಗದ ಒಳಗೆ ಏನೇನಿದೆ ಎಂದು ತಿಳಿದುಕೊಳ್ಳಲು, ಆಮೇಲೆ ಅದನ್ನು ಇನ್ನೊಬ್ಬರ ಕಣ್ಣಿಗೆ ಕಾಣಿಸಲು.

ಶುರುವಾದದ್ದು ಕಾಲೇಜಿನ ರಜೆಗಳಲ್ಲಿ. ಕಳಸ, ಸಂಸೆ ಕಡೆಯಿಂದ ಬಸ್ಸಿಳಿದು ನಡೆಯುತ್ತಿದ್ದೆ. ಕೈಯಲ್ಲಿ ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋ ಶೀಟಿನ ಒಂದು ಪ್ರತಿ. ಅದರಲ್ಲಿ ಪ್ರತಿ ಇಪ್ಪತ್ತು ಮೀಟರ್ ಎತ್ತರಕ್ಕೆ ಒಂದು ಗೆರೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ಬಿಡಿಯಾಗಿದ್ದರೆ ಉಸಿರಾಡಲು ಜಾಗ. ನಕ್ಷೆ ಓದುವುದನ್ನು ನಾನು ಕಲಿತದ್ದು ಮನೆಯಲ್ಲಿ ಕೂತಲ್ಲ, ಒಂದು ದಿಣ್ಣೆಯ ಮೇಲೆ ನಿಂತು ಕಣ್ಣೆದುರಿನ ಪ್ರತಿ ಏಣನ್ನೂ, ಅಂದರೆ ಗುಡ್ಡದ ಬೆನ್ನನ್ನೂ, ಪ್ರತಿ ಕಣಿವೆಯನ್ನೂ ಕಾಗದದ ಮೇಲೆ ಹುಡುಕಿ ಗುರುತು ಹಾಕುತ್ತಾ. ಅದೊಂದು ಅಭ್ಯಾಸವಾಯಿತೆಂದರೆ ಬೆಟ್ಟದ ಅರ್ಧ ಭಯ ಹೋಗುತ್ತದೆ. ಇನ್ನರ್ಧ ಹೋಗದಿರುವುದೇ ಒಳ್ಳೆಯದು.

ನಕ್ಷೆಯಲ್ಲಿ ಇಲ್ಲದ್ದನ್ನೆಲ್ಲ ಕಲಿಸಿದವರು ಒಬ್ಬ ಮಲೆಕುಡಿಯ ಅಜ್ಜ. ಅವರ ಮನೆಯ ಜಗಲಿಯಲ್ಲಿ ನನಗೆ ಎಷ್ಟು ರಾತ್ರಿ ಚಾಪೆ ಸಿಕ್ಕಿದೆಯೋ. ಮೊದಮೊದಲು ನಾನು ಕೊರಳಿಗೆ ಬೈನಾಕ್ಯುಲರ್ ಹಾಕಿಕೊಂಡು ಮಂಗಟ್ಟೆ ಹಕ್ಕಿ, ಸಿಂಗಳೀಕ ಎಂದು ಮೇಲೆ ನೋಡುತ್ತಲೇ ನಡೆಯುತ್ತಿದ್ದೆ. ಅವರು ಹಿಂದಿನಿಂದ, ‘ಎಂತ ಮಗಾ, ಎಲ್ಲ ಮೇಲೆಯೇ ಉಂಟಾ? ಕಾಲಬುಡ ನೋಡಿ ನಡಿ’ ಎನ್ನುತ್ತಿದ್ದರು. ಹಾವಿನ ಎಚ್ಚರಿಕೆಗಷ್ಟೇ ಹೇಳಿದ ಮಾತಲ್ಲ ಅದು. ಕಾಟಿ ನಡೆದ ದಾರಿ ಯಾವುದು, ಕಡವೆ ಯಾವ ಹುಲ್ಲಿನ ಚಿಗುರನ್ನು ಮಾತ್ರ ಕಚ್ಚಿ ಉಳಿದದ್ದನ್ನು ಬಿಟ್ಟಿದೆ, ನೆಲದ ಮಣ್ಣು ಎಲ್ಲಿ ಕಪ್ಪಗೆ ತಿರುಗಿ ಮೆತ್ತಗಾಗುತ್ತದೆ, ಎಲ್ಲ ಕಾಲಬುಡದಲ್ಲಿ. ಕಡಿದಾದ ಹುಲ್ಲಿನ ಇಳಿಜಾರನ್ನು ಅಡ್ಡ ಹಾಯಬೇಕಾದರೆ ಕಾಟಿ ದಾರಿಯನ್ನೇ ಹಿಡಿಯಬೇಕೆಂದು ಅವರು ಹೇಳಿಕೊಟ್ಟರು. ಅಷ್ಟು ತೂಕದ ಪ್ರಾಣಿ ಜಾರುವ ಕಡೆ ಕಾಲಿಡುವುದಿಲ್ಲ. ಮಂಜು ಕವಿದರೆ ಕೂತುಬಿಡಬೇಕು. ಕೂರಲಾಗದಿದ್ದರೆ ಏಣಿನ ಮೇಲೆಯೇ ಉಳಿಯಬೇಕು, ಊರು ಸಿಗುತ್ತದೆಂದು ಹಳ್ಳದ ಜಾಡು ಹಿಡಿದು ಇಳಿಯಬಾರದು. ಇಲ್ಲಿನ ಹಳ್ಳಗಳು ಇದ್ದಕ್ಕಿದ್ದಂತೆ ಜಲಪಾತವಾಗುತ್ತವೆ. ಈ ಮಾತು ಕೇಳದೆ ತೊಂದರೆಗೆ ಸಿಕ್ಕಿದವರನ್ನು ಹುಡುಕಿಕೊಂಡು ಹೋದ ತಂಡಗಳಲ್ಲಿ ನಾನೂ ಇದ್ದೆ, ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಮಳೆಗಾಲದ ಕುದುರೆಮುಖವೇ ಬೇರೆ. ವರ್ಷಕ್ಕೆ 6,000 ಮಿಲಿಮೀಟರ್ ಮಳೆ ದಾಟುವುದು ಇಲ್ಲಿ ದೊಡ್ಡ ಸುದ್ದಿಯಲ್ಲ. ಪುಸ್ತಕ ಒದ್ದೆಯಾಗದಂತೆ ನೋಡಿಕೊಳ್ಳುವುದೇ ಕೆಲಸ, ಹಾಗಾಗಿ ಪೆನ್ನು ಬಿಟ್ಟು ಪೆನ್ಸಿಲ್ ಹಿಡಿದೆ. ಪೆನ್ಸಿಲ್ ಬರಹ ನೀರಿಗೆ ಕರಗುವುದಿಲ್ಲ. ರಕ್ತ ಹೀರುವ ಉಂಬಳಕ್ಕೆ ಅಜ್ಜನ ಮದ್ದು ಹೊಗೆಸೊಪ್ಪು ಮತ್ತು ಸುಣ್ಣದ ಗಂಟು. ಕೋಲಿನ ತುದಿಗೆ ಕಟ್ಟಿಕೊಂಡು ಕಚ್ಚಿದಲ್ಲಿ ಮುಟ್ಟಿಸಿದರೆ ಕಳಚಿ ಬೀಳುತ್ತದೆ. ಇಂದಿಗೂ ನನ್ನ ಚೀಲದಲ್ಲಿ ಅದೇ ಇರುತ್ತದೆ.

ಆ ದಿನಗಳಲ್ಲೇ ಜಾನ್ ಮ್ಯೂರ್ ಬಗ್ಗೆ ಓದಿದೆ. ಸ್ಕಾಟ್ಲೆಂಡಿನಲ್ಲಿ 1838ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದ ಮನುಷ್ಯ. 1869ರ ಬೇಸಿಗೆಯಲ್ಲಿ ಕುರಿಮಂದೆಯ ಜೊತೆ ಸಿಯೆರಾ ನೆವಾಡಾ ಬೆಟ್ಟಸಾಲು ಹತ್ತಿದ. ಆಮೇಲೆ ಆ ಬೆಟ್ಟಕಾಡುಗಳ ಉಳಿವಿಗೆ ಹೋರಾಡಿದ, 1890ರಲ್ಲಿ ಅಲ್ಲಿನ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾಯಿತು, 1892ರಲ್ಲಿ ಪರಿಸರ ಕಾಯುವ ಸಂಘ ಸಿಯೆರಾ ಕ್ಲಬ್ ಹುಟ್ಟಿತು. ಎಲ್ಲರೂ ಹೇಳುವ ಈ ಕಥೆಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಒಂದು ಸಣ್ಣ ಕೆಲಸ. ಯೊಸೆಮಿಟಿ ಕಣಿವೆ ನೆಲ ಕುಸಿದು ಆದದ್ದು ಎಂದು ಕ್ಯಾಲಿಫೋರ್ನಿಯಾದ ಅಧಿಕೃತ ಭೂವಿಜ್ಞಾನಿ ಜೋಸೈಯಾ ವಿಟ್ನಿ ಹೇಳುತ್ತಿದ್ದ. ಅಲ್ಲ, ಹಿಮನದಿಗಳು ಕೊರೆದದ್ದು ಎಂದು ಮ್ಯೂರ್ ವಾದ. ಬಂಡೆಗಳ ಮೇಲಿನ ಗೀರುಗಳನ್ನು ಬೆನ್ನಟ್ಟಿ ಹತ್ತಿ ಹತ್ತಿ, ಎತ್ತರದಲ್ಲಿ ಇನ್ನೂ ಉಳಿದಿದ್ದ ಜೀವಂತ ಹಿಮನದಿಗಳನ್ನೇ ಕಂಡುಹಿಡಿದ. 1872ರಲ್ಲಿ ಅಂಥದ್ದೊಂದರ ಮೇಲೆ ಸಾಲಾಗಿ ಗೂಟ ನೆಟ್ಟು, ವಾರಗಟ್ಟಲೆ ಬಿಟ್ಟು ಮತ್ತೆ ಹೋಗಿ ಅಳೆದ. ನಡುವಿನ ಗೂಟ ದಿನಕ್ಕೆ ಸುಮಾರು ಒಂದು ಅಂಗುಲದಂತೆ ಮುಂದೆ ಸರಿದಿತ್ತು. ಪದವಿ ಮುಗಿಸದ, ಗರಗಸದ ಮಿಲ್ಲಿನಲ್ಲಿ ಕೆಲಸ ಮಾಡಿ ಹೊಟ್ಟೆ ಹೊರೆದ ಒಬ್ಬ, ನಾಲ್ಕು ಗೂಟ ಮತ್ತು ತಾಳ್ಮೆಯಿಂದ ದೊಡ್ಡವರ ಮಾತಿಗೆ ಉತ್ತರ ಕೊಟ್ಟಿದ್ದ. ನಮ್ಮ ಬೆಟ್ಟದಲ್ಲಿ ಹಿಮವಿಲ್ಲ, ಆದರೆ ನೀರಿದೆ. ನಾನು ಅಳೆಯಬೇಕಾದದ್ದು ನೀರನ್ನು ಎಂದು ಆಗ ಹೊಳೆಯಿತು.

ಅಳತೆಗೆ ಬೇಕಾದ ಸಾಮಾನು ಬಹಳ ಕಡಿಮೆ. ಹತ್ತು ಮೀಟರ್ ಹಗ್ಗ, ಅಂಗುಲ ಗುರುತು ಹಾಕಿದ ಬಿದಿರು ಕೋಲು, ಕೈಗಡಿಯಾರ, ಒಂದೆರಡು ನಿಂಬೆಹಣ್ಣು. ಹಳ್ಳ ನೇರವಾಗಿ, ಸಮನಾಗಿ ಹರಿಯುವ ಒಂದು ತುಣುಕನ್ನು ಹುಡುಕಿಕೊಳ್ಳಬೇಕು. ಅಗಲವನ್ನು ಮೂರು ನಾಲ್ಕು ಕಡೆ ಅಳೆದು ಸರಾಸರಿ ತೆಗೆಯಬೇಕು. ದಡದಿಂದ ದಡಕ್ಕೆ ಕೋಲು ಊರುತ್ತಾ ಹೋಗಿ ಆಳದ ಸರಾಸರಿ ತೆಗೆಯಬೇಕು. ಮೇಲಿನ ಗುರುತಿಗಿಂತ ಸ್ವಲ್ಪ ಹಿಂದೆ ನಿಂಬೆಹಣ್ಣನ್ನು ನಡುನೀರಿಗೆ ಬಿಟ್ಟು, ಅದು ಹತ್ತು ಮೀಟರ್ ದಾಟಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಬೇಕು. ನಿಂಬೆಹಣ್ಣೇ ಯಾಕೆಂದರೆ ಅದು ಮುಕ್ಕಾಲು ಮುಳುಗಿ ತೇಲುತ್ತದೆ, ಗಾಳಿ ಅದನ್ನು ತಳ್ಳುವುದಿಲ್ಲ. ಹಳದಿ ಬಣ್ಣ ಕಪ್ಪು ನೀರಿನಲ್ಲಿ ಕಣ್ಣು ತಪ್ಪುವುದಿಲ್ಲ. ಎಲೆ ಹಾಕಿದರೆ ಎರಡೂ ಕೆಡುತ್ತದೆ. ಒಂದೇ ಸಲ ಬಿಟ್ಟು ಸಾಲದು, ಹಲವು ಸಲ ಬಿಟ್ಟು ಸರಾಸರಿ ತೆಗೆಯಬೇಕು. ಹತ್ತು ಮೀಟರನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ವೇಗ. ಅಗಲ, ಆಳ, ವೇಗ ಮೂರನ್ನೂ ಗುಣಿಸಿದರೆ ಹರಿವು. ತಳದ ನೀರು ಕಲ್ಲಿಗೆ ತಾಗಿ ನಿಧಾನವಾಗುವ ಕಾರಣ ಬಂದ ಉತ್ತರವನ್ನು 0.85ರಿಂದ ಇನ್ನೊಮ್ಮೆ ಗುಣಿಸುತ್ತೇನೆ.

ಎರಡು ಹಳ್ಳಗಳನ್ನು ಆರಿಸಿಕೊಂಡೆ. ಒಂದರ ತಲೆಯಲ್ಲಿ ಯಾರೂ ಕೈಹಾಕದ ಶೋಲಾ, ಅದರ ಮೇಲೆ ಹುಲ್ಲು. ಇನ್ನೊಂದರ ಮೇಲಿನ ಗುಡ್ಡಕ್ಕೆ ಹಿಂದೆ ಅಕೇಶಿಯಾ ನೆಟ್ಟಿದ್ದರು, ಅಂಚಿನ ಕಾಡು ಬೆಂಕಿಗೆ ಸಿಕ್ಕಿ ತೆಳುವಾಗಿತ್ತು. ಮಳೆಗಾಲದಲ್ಲಿ ಎರಡೂ ಅಬ್ಬರಿಸುತ್ತವೆ, ವ್ಯತ್ಯಾಸ ಕಾಣುವುದಿಲ್ಲ. ಡಿಸೆಂಬರಿನ ಹೊತ್ತಿಗೆ ಕಾಣಲು ಶುರುವಾಗುತ್ತದೆ. ಏಪ್ರಿಲ್ ಕೊನೆಗೆ ಮೊದಲ ಹಳ್ಳದಲ್ಲಿ ನಿಂಬೆಹಣ್ಣು ಇನ್ನೂ ಸಾಗುತ್ತದೆ. ಎರಡನೆಯದರಲ್ಲಿ ಅಲ್ಲಲ್ಲಿ ಗುಂಡಿಯಲ್ಲಿ ನಿಂತ ನೀರು, ಹಣ್ಣು ಬಿಟ್ಟಲ್ಲೇ ತಿರುಗುತ್ತಿರುತ್ತದೆ. ಎರಡೇ ಹಳ್ಳಗಳಿಂದ ಸಿದ್ಧಾಂತ ಕಟ್ಟಲಾಗದು. ಬಂಡೆ, ಇಳಿಜಾರು, ದಿಕ್ಕು ಎಲ್ಲ ಲೆಕ್ಕಕ್ಕೆ ಬರುತ್ತದೆ. ಆದರೆ ವರ್ಷದಿಂದ ವರ್ಷಕ್ಕೆ ಅದೇ ಜಾಗದಲ್ಲಿ ಅದೇ ತಿಂಗಳಲ್ಲಿ ಅಳೆದ ಅಂಕಿ ಕೈಯಲ್ಲಿದ್ದರೆ, ಕೆಳಗಿನ ಅಡಿಕೆ ತೋಟದವರು ನಮ್ಮ ಮಾತನ್ನು ಕುರ್ಚಿ ಹಾಕಿ ಕೂರಿಸಿ ಕೇಳುತ್ತಾರೆ. ಕಾಡಿನ ಸೌಂದರ್ಯದ ಬಗ್ಗೆ ನಾನು ಎಷ್ಟು ಹೇಳಿದರೂ ಆಗದ ಕೆಲಸ ಬೇಸಿಗೆಯ ನೀರಿನ ಲೆಕ್ಕದಿಂದ ಆಗಿದೆ. ಸೌಂದರ್ಯ ಸಾಲದು ಎಂದು ನಾನು ಹೇಳುತ್ತಿಲ್ಲ. ನನ್ನನ್ನು ಬೆಟ್ಟಕ್ಕೆ ಎಳೆದದ್ದೇ ಅದು.

ಈ ನೀರು ಎಲ್ಲಿಗೆ ಹೋಗುತ್ತದೆಂದು ನೋಡಿದರೆ ಬೆಟ್ಟದ ಬೆಲೆ ತಿಳಿಯುತ್ತದೆ. ವರಾಹ ಪರ್ವತದ ಗಂಗಾಮೂಲದಲ್ಲಿ ತುಂಗೆ, ಭದ್ರೆ ಹುಟ್ಟುತ್ತಾರೆ. ತುಂಗೆ ಶೃಂಗೇರಿಯ ಕಡೆ ತಿರುಗಿದರೆ ಭದ್ರೆ ಕುದುರೆಮುಖದ ನಡುವೆಯೇ ಹರಿದು ಹೋಗುತ್ತಾಳೆ. ಕೂಡಲಿಯಲ್ಲಿ ಇಬ್ಬರೂ ಸೇರಿ ಬಯಲುಸೀಮೆಗೆ ಇಳಿಯುತ್ತಾರೆ. ಪಡುವಣ ಇಳಿಜಾರಿನ ನೀರು ನೇತ್ರಾವತಿಗೆ ಸೇರಿ ಕಡಲಿಗೆ. ಇದೇ ಬೆಟ್ಟದ ಒಡಲಲ್ಲಿ ಮ್ಯಾಗ್ನೆಟೈಟ್ ಅದಿರು ಇದೆಯೆಂದು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲಿ ಗುರುತಿಸಿದ್ದರು. 1976ರಲ್ಲಿ ಸರ್ಕಾರಿ ಕಂಪನಿ ಹುಟ್ಟಿ ಗಣಿ ಬಂತು, ಅದಿರನ್ನು ನೀರಿನೊಂದಿಗೆ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಇಳಿಸಿದರು, ಉಳಿದ ಕೆಸರಿಗಾಗಿ ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದರು. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸಿಂಗಳೀಕಗಳ ನೆಲೆ ಹುಡುಕಿಕೊಂಡು ಈ ಕಾಡುಗಳಲ್ಲಿ ಸಮೀಕ್ಷೆ ಮಾಡಿದರು. 1987ರಲ್ಲಿ 600 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಗಣಿ ಗುತ್ತಿಗೆಯ ಅವಧಿ 1999ಕ್ಕೆ ಮುಗಿದಾಗ ಮತ್ತೆ ವಿಸ್ತರಿಸುವ ಪ್ರಯತ್ನದ ವಿರುದ್ಧ ನಿಂತವರಲ್ಲಿ ಕೆ.ಎಂ. ಚಿಣ್ಣಪ್ಪನವರು ಮುಂಚೂಣಿಯಲ್ಲಿದ್ದರು. ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು.

ಆ ಹೋರಾಟದಲ್ಲಿ ನನ್ನದು ಹೇಳಿಕೊಳ್ಳುವಂಥ ಪಾತ್ರವಲ್ಲ. ಚಿಣ್ಣಪ್ಪನವರು ಅರಣ್ಯ ಇಲಾಖೆಯಲ್ಲಿದ್ದಾಗ ನಾಗರಹೊಳೆಯನ್ನು ಕಾಯ್ದ ರೀತಿಯನ್ನು ಕೇಳಿ ಬೆಳೆದವರಿಗೆ ಅವರು ಕೋರ್ಟಿನ ಮೆಟ್ಟಿಲು ಹತ್ತಿದ್ದು ಅಚ್ಚರಿ ತರಲಿಲ್ಲ. ನಾನು ಕಲಿತದ್ದು ಒಂದು: ದೂರುವ ಕಾಗದಕ್ಕಿಂತ ದಾಖಲೆ ಹೆಚ್ಚು ದೂರ ಹೋಗುತ್ತದೆ. ಮುಂದೆ ಒಂದು ಕಡೆ ಗುಡ್ಡ ಅಗೆದು ರಸ್ತೆ ಅಗಲ ಮಾಡಿದಾಗ ಅದನ್ನೇ ಪ್ರಯೋಗಿಸಿದೆ. ಅಗೆದ ಜಾಗದ ಮೇಲಿನ ನೀರು ಒಂದು ಗಾಜಿನ ಬಾಟಲಿಯಲ್ಲಿ, ಕೆಳಗಿನ ನೀರು ಇನ್ನೊಂದರಲ್ಲಿ. ಮುಂಗಾರಿನ ಮೊದಲ ಜೋರು ಮಳೆಯ ದಿನವೇ ತುಂಬಿ, ರಾತ್ರಿಯಿಡೀ ಅಲುಗಾಡಿಸದೆ ಇಟ್ಟೆವು. ಬೆಳಿಗ್ಗೆ ಎರಡನೆಯ ಬಾಟಲಿಯ ತಳದಲ್ಲಿ ಬೆರಳಿನಷ್ಟು ಕೆಂಪು ಕೆಸರು, ಮೊದಲನೆಯದರಲ್ಲಿ ಕೂತದ್ದು ಕಪ್ಪು ಎಲೆಚೂರು ಮಾತ್ರ. ಪಂಚಾಯಿತಿ ಸಭೆಯ ಮೇಜಿನ ಮೇಲೆ ಎರಡನ್ನೂ ಇಟ್ಟ ಮೇಲೆ ಭಾಷಣ ಬೇಕಾಗಲಿಲ್ಲ. ಕಡಿದ ದಂಡೆಗೆ ಕಲ್ಲುಕಟ್ಟೆಯೂ ನೀರಿಗೆ ಸರಿಯಾದ ಮೋರಿಯೂ ಆಯಿತು.

ಗಣಿಗಿಂತ ಕಷ್ಟದ ಸಂಗತಿ ಗಿಡ ನೆಡುವುದು. ಗಣಿ ಕೆಟ್ಟದ್ದೆಂದು ಒಪ್ಪಿಸಬಹುದು, ಒಳ್ಳೆಯ ಮನಸ್ಸಿನಿಂದ ಸಸಿ ಹೊತ್ತು ತಂದವರಿಗೆ ಬೇಡ ಎನ್ನುವುದು ಹೇಗೆ? ಒಂದು ವರ್ಷ ವನಮಹೋತ್ಸವಕ್ಕೆ ಕೆಲವು ಯುವಕರು ಉದ್ಯಾನದ ಹೊರಗಿನ ಒಂದು ಹುಲ್ಲುದಿಣ್ಣೆಯನ್ನು ಆರಿಸಿಕೊಂಡಿದ್ದರು. ನಾನು ವಾದ ಮಾಡಲಿಲ್ಲ. ‘ಸೆಪ್ಟೆಂಬರಿನವರೆಗೆ ತಡೆಯಿರಿ, ಒಮ್ಮೆ ನನ್ನ ಜೊತೆ ಮೇಲೆ ಬನ್ನಿ, ಆಮೇಲೆ ನಿಮ್ಮಿಷ್ಟ’ ಎಂದೆ. ಬಂದರು. ಹಗ್ಗದಿಂದ ಒಂದು ಮೀಟರ್ ಚೌಕ ಮಾಡಿ ಹುಲ್ಲಿನ ಮೇಲೆ ಹಾಸಿ, ಎಲ್ಲರೂ ಮಂಡಿಯೂರಿ ಕೂತು ಒಳಗಿರುವುದನ್ನು ಎಣಿಸೋಣ ಅಂದೆ. ಮೊದಲು ಹುಲ್ಲೆಂದರೆ ಹುಲ್ಲು. ಸ್ವಲ್ಪ ಹೊತ್ತಾದ ಮೇಲೆ ತೆನೆ ಬೇರೆಯದು, ಎಲೆಯ ಅಂಚು ಬೇರೆಯದು ಎಂದು ಅವರೇ ಬಿಡಿಸತೊಡಗಿದರು. ಹುಲ್ಲಿನ ಬುಡದಲ್ಲಿ ಬೆರಳುದ್ದದ ಕರ್ಣಕುಂಡಲದ ಗುಲಾಬಿ ಹೂ, ಬಿಳಿ ಹೂಬಿಟ್ಟ ನೆಲದ ಆರ್ಕಿಡ್, ನೀರು ಜಿನುಗುವ ಕಲ್ಲಿನ ಸಂದಿಯಲ್ಲಿ ಕೆಂಪು ರೋಮಗಳ ತುದಿಯಲ್ಲಿ ಅಂಟು ಹನಿ ಹೊತ್ತ, ಕೀಟ ಹಿಡಿದು ತಿನ್ನುವ ಡ್ರಾಸಿರಾ ಗಿಡ. ಅದರ ಎಲೆಯೊಂದಕ್ಕೆ ನೊಣ ಸಿಕ್ಕಿಕೊಂಡು ಇನ್ನೂ ಕಾಲಾಡಿಸುತ್ತಿತ್ತು; ಒಬ್ಬ ಹುಡುಗ ಅಲ್ಲಿಂದ ಏಳಲೇ ಇಲ್ಲ. ಈ ಯಾವ ಗಿಡವೂ ಮರದ ನೆರಳಿನಲ್ಲಿ ಬದುಕುವುದಿಲ್ಲ. ಘಟ್ಟದ ಹುಲ್ಲುಗಾವಲು ಬಿಟ್ಟರೆ ಬೇರೆಲ್ಲೂ ಇಲ್ಲದ ಅಗಲ ಬಾಲದ ಹುಲ್ಲುಹಕ್ಕಿಯೂ ಅಷ್ಟೇ, ಹುಲ್ಲು ಹೋದರೆ ಅದೂ ಹೋಯಿತು. ನೀಲಗಿರಿಯಲ್ಲಿ 19ನೇ ಶತಮಾನದಿಂದ ಆಸ್ಟ್ರೇಲಿಯಾದ ವ್ಯಾಟಲ್, ನೀಲಗಿರಿ ಮರ ನೆಟ್ಟು ಹುಲ್ಲುಗಾವಲು ಎಷ್ಟು ಕಳೆದುಹೋಯಿತೆಂಬುದನ್ನೂ ಹೇಳಿದೆ. ಆ ಸಸಿಗಳು ಕೊನೆಗೆ ಕೆಳಗೆ, ಕಾಡು ನಿಜವಾಗಿಯೇ ಹೋಗಿದ್ದ ಹೊಳೆದಂಡೆಗೆ ಹೋದವು. ಅಲ್ಲಿ ಬಲಗಿ, ನೇರಳೆ ಸಸಿಗಳನ್ನೂ ಸೇರಿಸಿದೆವು. ಈಗ ಅಲ್ಲಿ ನೆರಳಿದೆ.

ಬೆಂಕಿಯ ಮಾತು ಹೇಳದೆ ಹುಲ್ಲಿನ ಮಾತು ಮುಗಿಯುವುದಿಲ್ಲ. ಫೆಬ್ರವರಿ ಬಂತೆಂದರೆ ಹುಲ್ಲು ಒಣಗಿ ಒಂದು ಬೀಡಿ ತುಂಡಿಗೆ ಕಾಯುತ್ತಿರುತ್ತದೆ. ಕಾವಲಿನವರ ಜೊತೆ ಬೆಂಕಿ ಆರಿಸಲು ಹೋಗುವವರಿಗೆ ನನ್ನದೊಂದೆರಡು ಮಾತು. ಬೆಂಕಿ ಏರು ಹತ್ತುವಾಗ ಅದರ ಮುಂದೆ ಎಂದೂ ನಿಲ್ಲಬೇಡಿ, ಮನುಷ್ಯ ಓಡುವುದಕ್ಕಿಂತ ಅದು ವೇಗ. ಪಕ್ಕದಿಂದ, ಸುಟ್ಟು ಕಪ್ಪಾದ ನೆಲದ ಮೇಲೆ ನಿಂತು ಹಸಿ ಸೊಪ್ಪಿನ ಕೊಂಬೆಯಿಂದ ಒತ್ತಿ ಹೊಡೆಯಬೇಕು. ಬೀಸಿ ಹೊಡೆದರೆ ಕಿಡಿ ಹಾರಿ ಇನ್ನೊಂದು ಕಡೆ ಹಿಡಿಯುತ್ತದೆ. ನಡುರಾತ್ರಿ ಕಳೆದು ಇಬ್ಬನಿ ಇಳಿಯತೊಡಗಿದಾಗ ಬೆಂಕಿ ಸೋಲುತ್ತದೆ, ಹೆಚ್ಚಿನ ಕೆಲಸ ಆಗುವುದು ಆಗಲೇ. ಹುಲ್ಲು ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ, ಕಿರು ಈಚಲೂ ಚಿಗುರುತ್ತದೆ. ಶೋಲಾದ ಅಂಚಿನ ಮರಗಳಿಗೆ ಆ ಶಕ್ತಿ ಇಲ್ಲ. ಒಳಗಿನ ಒದ್ದೆ ಎಲೆಹಾಸು ಬೆಂಕಿಯನ್ನು ತಾನೇ ತಡೆಯುತ್ತದೆ. ಸೌದೆಗೆಂದು ಅಂಚನ್ನು ಕಡಿದು ಬಿಸಿಲು ಒಳಗೆ ಬಿಟ್ಟ ಕಡೆ ಮಾತ್ರ ಅದು ನುಗ್ಗುತ್ತದೆ. ಅದಕ್ಕೇ ನನ್ನ ಮಟ್ಟಿಗೆ ಬೆಂಕಿಯಿಂದ ಕಾಡನ್ನು ಕಾಯುವ ಕೆಲಸ ಶುರುವಾಗುವುದು ಬೇಸಿಗೆಯಲ್ಲಲ್ಲ, ಶೋಲಾದ ಅಂಚಿಗೆ ಕತ್ತಿ ತಾಗದಂತೆ ನೋಡಿಕೊಳ್ಳುವ ಉಳಿದ ತಿಂಗಳುಗಳಲ್ಲಿ.

ಕತ್ತಿ ಹಿಡಿದವರು ಯಾರು ಎಂಬ ಪ್ರಶ್ನೆಯನ್ನು ನಾನು ತಪ್ಪಿಸಿಕೊಳ್ಳಲಾರೆ. ಉದ್ಯಾನದ ಒಳಗೆ ಮಲೆಕುಡಿಯರೂ ಗೌಡರೂ ತಲೆಮಾರುಗಳಿಂದ ಇದ್ದಾರೆ. ಮ್ಯೂರ್‌ನ ಯೊಸೆಮಿಟಿಯಲ್ಲೂ ಜನ ಇದ್ದರು. ಅವನು ಅಲ್ಲಿಗೆ ಕಾಲಿಡುವ ಮೊದಲೇ, 1851ರಲ್ಲಿ, ಸಶಸ್ತ್ರ ದಳವೊಂದು ಅಹ್ವಾನೀಚೀ ಜನರನ್ನು ಕಣಿವೆಯಿಂದ ಹೊಡೆದಟ್ಟಿತ್ತು. ಅವನ ಕಣ್ಣಿಗೆ ಕಂಡ ನಿರ್ಜನತೆಯ ಹಿಂದೆ ಈ ಚರಿತ್ರೆ ಇದೆ. ನಮ್ಮಲ್ಲಿ ಅದು ಆಗಬಾರದು. 2000ರ ದಶಕದ ಮೊದಲ ವರ್ಷಗಳಲ್ಲಿ ಒಕ್ಕಲೆಬ್ಬಿಸುತ್ತಾರೆಂಬ ಭಯ ಈ ಹಳ್ಳಿಗಳನ್ನು ಎಂಥ ಸಂಕಟಕ್ಕೆ ದೂಡಿತು, ನಕ್ಸಲರು, ಪೊಲೀಸರು ಎಂಬ ಎರಡು ಕಡೆಯಿಂದಲೂ ಬಂದೂಕು ಹೇಗೆ ಕಾಡಿಗೆ ಬಂತು ಎಂಬುದನ್ನು ನೋಡಿದವರು ಮರೆಯುವುದಿಲ್ಲ.

ಸ್ವಂತ ಇಚ್ಛೆಯಿಂದ ಹೊರಗೆ ಹೋಗಲು ಒಪ್ಪಿದ ಕುಟುಂಬಗಳ ಜೊತೆ ನಾನು ಕಾಗದಪತ್ರ ಹಿಡಿದು ಓಡಾಡಿದ್ದೇನೆ. ಶಾಲೆ, ಆಸ್ಪತ್ರೆ, ರಸ್ತೆ ಬೇಕೆಂದು ಕೇಳುವ ಕಿರಿಯರನ್ನು ಕಾಡಿನ ಹೆಸರಿನಲ್ಲಿ ಅಲ್ಲೇ ಕಟ್ಟಿಹಾಕುವುದು ಅನ್ಯಾಯ. ಹೋಗಲೊಲ್ಲದ ಹಿರಿಯರನ್ನು ಸತಾಯಿಸಿ ಹೊರಡಿಸುವುದು ಇನ್ನೂ ದೊಡ್ಡ ಅನ್ಯಾಯ. 2006ರ ಅರಣ್ಯ ಹಕ್ಕು ಕಾಯ್ದೆ ಅವರ ಪರವಾಗಿದೆ. ಪರಿಹಾರದ ಹಣ ಪೂರ್ತಿ ಕೈಗೆ ಬರುವ ಮೊದಲು ಯಾರೂ ಮನೆ ಬಿಡಬಾರದೆಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಉಳಿಯುವವರಿಗೆ ಬೆಂಕಿ ಕಾವಲು, ಚಾರಣಿಗರ ಮಾರ್ಗದರ್ಶನ, ಹಳ್ಳಗಳ ಅಳತೆ ಇವೆಲ್ಲ ವರ್ಷಪೂರ್ತಿ ಸಂಬಳದ ಕೆಲಸವಾಗಬೇಕು ಎಂಬುದು ನನ್ನ ಒತ್ತಾಯ. ಚಾರಣಕ್ಕೆ ಆನ್‌ಲೈನ್‌ನಲ್ಲಿ ಮುಂಗಡ ಅನುಮತಿ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂದ ಮೇಲೆ ಮಾರ್ಗದರ್ಶಕರಿಗೆ ಸ್ವಲ್ಪ ಆದಾಯ ಸಿಗುತ್ತಿದೆ. ಅದು ಮಳೆ ಜೋರಾದ ತಿಂಗಳಲ್ಲಿ ನಿಂತುಹೋಗುತ್ತದೆ, ಬೆಂಕಿಯ ಕಾಲದಲ್ಲೂ ಅಷ್ಟೇ. ಆ ತಿಂಗಳುಗಳ ಸಂಬಳ ಎಲ್ಲಿಂದ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಈ ವರ್ಷ ನಾವು ಕೊಟ್ಟಿರುವ ಮನವಿಯಲ್ಲಿ ಅದೇ ಮೊದಲ ಅಂಶ.